ಮೂರನೆಯ ಕೈ

ನಿನ್ನ ಕೈಗೆ ಏನೂ ಆಗಿರಲಿಲ್ಲ ಶಿವು. ಆ ಆಲ್ಬಂನಲ್ಲಿ ಡ್ರಮ್ಸ್ ನುಡಿಸಿದ್ದು ನೀನಲ್ಲ — ವಿಷಯ ಇಷ್ಟೇ. ನುಡಿಸಿದ್ದು ನಾನು. ನಾನು ಎನ್ನುವುದೂ ತಪ್ಪೇ. ಕೋಲನ್ನು ನೆಟ್ಟಗೆ ಹಿಡಿಯಲೂ ಬಾರದ ನಾನು ವಿಜಯನಗರದ ತಾರಸಿ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ಒಂದೊಂದೇ ಏಟನ್ನು ಮೌಸ್‌ನಿಂದ ಎತ್ತಿ ಗೆರೆಯ ಮೇಲೆ ಕೂರಿಸಿದೆ. ಅದನ್ನು ನಿನ್ನದೆಂದು ನಿನಗೇ ಕೇಳಿಸಿದೆ. ನೀನು ನಂಬಿದೆ. ನಂಬಿ, ಅದರ ಹಾಗೆ ನುಡಿಸಲು ಹೋಗಿ, ಆಗದೆ, ನಿನ್ನ ಕೈಯೇ ಕೆಟ್ಟಿದೆ ಎಂದು ತೀರ್ಮಾನಿಸಿ ಡ್ರಮ್ಸನ್ನೇ ಬಿಟ್ಟೆ. ನಾನು ಪಕ್ಕದಲ್ಲೇ ನಿಂತು ನೋಡಿದೆ.

ಬರೆದುಬಿಟ್ಟೆ, ನೋಡು. ಇಷ್ಟು ವರ್ಷ ಹೇಳದೆ ಇಟ್ಟುಕೊಂಡಿದ್ದ ಮಾತು ಒಂದು ಪ್ಯಾರಾದಲ್ಲಿ ಮುಗಿದುಹೋಯಿತು. ಆದರೆ ಮುಗಿಯಿತು ಎಂದು ಎದ್ದು ಹೋದರೆ ಅದೂ ನನ್ನ ಹಳೆಯ ಚಾಳಿಯೇ ಆಗುತ್ತದೆ — ಮೇಲೆ ಎಲ್ಲ ಚೊಕ್ಕಟವಾಗಿ ಕಾಣಿಸಿ, ಕಸವನ್ನು ಒಳಗೆ ತಳ್ಳುವುದು. ಅದಕ್ಕೇ ಪೂರ್ತಿ ಹೇಳುತ್ತೇನೆ. ನಮ್ಮಿಬ್ಬರ ಪರಿಚಯವಿಲ್ಲದವರೂ ಇದನ್ನು ಓದಬಹುದು; ಓದಲಿ. ಅವರಿಗಾಗಿ ನಿನಗೆ ಗೊತ್ತಿರುವುದನ್ನೂ ಒಂದಿಷ್ಟು ಹೇಳಬೇಕಾಗುತ್ತದೆ, ಸಹಿಸಿಕೋ.

ನಾವು ನಾಲ್ಕು ಜನ. ಹಾಡುವವಳು ದೀಪ್ತಿ, ಬೇಸ್ ಗಿಟಾರಿಗೆ ಪೀಟರ್, ಡ್ರಮ್ಸಿಗೆ ನೀನು, ಗಿಟಾರಿಗೆ ನಾನು. ಕನ್ನಡದಲ್ಲಿ ರಾಕ್ ಹಾಡುತ್ತೇವೆ ಎಂದರೆ ಜನ ಮೊದಲು ನಗುತ್ತಿದ್ದರು, ಆಮೇಲೆ ಫಿಲಂ ಸಾಂಗ್ ಬರುವುದಿಲ್ಲವೇ ಎಂದು ಕೇಳುತ್ತಿದ್ದರು. ಯಾವ ಕಂಪನಿಯೂ ನಮ್ಮ ಹಿಂದೆ ಇರಲಿಲ್ಲ. ಹಾಡು ಬರೆಯುವುದು, ರೆಕಾರ್ಡ್ ಮಾಡುವುದು, ಮಿಕ್ಸ್ ಮಾಡುವುದು, ಇಂಟರ್ನೆಟ್ಟಿಗೆ ಏರಿಸುವುದು — ಎಲ್ಲವೂ ನಾವೇ, ಅಂದರೆ ಮುಕ್ಕಾಲು ಪಾಲು ನಾನೇ. ಪ್ರೊಡ್ಯೂಸರ್ ಎಂಬ ಪದವಿಯನ್ನು ನನಗೆ ಯಾರೂ ಕೊಟ್ಟಿರಲಿಲ್ಲ, ನಾನೇ ಏರಿ ಕುಳಿತಿದ್ದೆ. ಹಳೆಯ ಹಾಸಿಗೆಗಳನ್ನು ಗೋಡೆಗೆ ಒರಗಿಸಿದ ಒಂದು ಕೋಣೆ ನನ್ನ ಸ್ಟುಡಿಯೋ. ಕೆಳಗಿನ ಮನೆಯ ಓನರ್ ಆಂಟಿ ಸಂಜೆ ದೀಪ ಹಚ್ಚುವ ಹೊತ್ತಿಗೆ ನಾವು ಸದ್ದು ನಿಲ್ಲಿಸಬೇಕಿತ್ತು.

ನಿಮ್ಮದು ದಾವಣಗೆರೆ ಕಡೆಯಿಂದ ಬಂದ ಮನೆ. ಬಸವೇಶ್ವರನಗರದಲ್ಲಿ ವಾಸ, ಬ್ಯಾಡರಹಳ್ಳಿಯಲ್ಲಿ ಮಾಗಡಿ ರಸ್ತೆಗೆ ಮುಖ ಮಾಡಿದ ಪ್ಲೈವುಡ್ ಅಂಗಡಿ. ನಿಮ್ಮಪ್ಪ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಇಟ್ಟು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತರೆಂದರೆ ಅವರೆದುರು ಜೋರಾಗಿ ಮಾತಾಡಲೂ ನಮಗೆ ಭಯ. ನೀನು ಒಬ್ಬನೇ ಮಗ. ಅಂಗಡಿಗೆ ಬಾ ಎಂದು ಅವರು ಒಮ್ಮೆಯೂ ಗದರಲಿಲ್ಲ — ಅದೇ ಕಷ್ಟ ಎನ್ನುತ್ತಿದ್ದೆ ನೀನು. ಒಂದು ಆಲ್ಬಂ ಬರಲಿ, ಕೇಳುತ್ತೇನೆ, ಆಮೇಲೆ ಮಾತಾಡೋಣ ಎಂದಷ್ಟೇ ಹೇಳಿದ್ದರಂತೆ. ಹಾಗಾಗಿ ನಮಗೆ ಅದು ಒಂದು ಆಲ್ಬಂ, ನಿನಗೆ ಮಾತ್ರ ಅಪ್ಪನ ಮುಂದೆ ಇಡಬೇಕಾದ ಉತ್ತರ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಈಗ ನಿನ್ನ ನುಡಿಸಾಣಿಕೆಯ ವಿಷಯ. ನೀನು ಓಡುತ್ತಿದ್ದೆ ಶಿವು. ಹಾಡು ಏರುತ್ತಿದ್ದ ಹಾಗೆ ನಿನ್ನ ವೇಗವೂ ಏರುತ್ತಿತ್ತು. ದೀಪ್ತಿ ದನಿ ಎತ್ತಿದಲ್ಲಿ ನೀನು ಒಂದು ಹೆಜ್ಜೆ ಮುಂದೆ ಇರುತ್ತಿದ್ದೆ, ಅವಳು ಇಳಿಸಿದಲ್ಲಿ ತಡೆದು ನಿಲ್ಲುತ್ತಿದ್ದೆ. ವೇದಿಕೆಯ ಮೇಲೆ ಇದು ಯಾರಿಗೂ ತಪ್ಪೆನಿಸುತ್ತಿರಲಿಲ್ಲ, ಏಕೆಂದರೆ ನಾವೆಲ್ಲ ನಿನ್ನ ಹಿಂದೆಯೇ ಓಡುತ್ತಿದ್ದೆವು. ಆದರೆ ರೆಕಾರ್ಡಿಂಗಿನಲ್ಲಿ ಕ್ಲಿಕ್ ಎಂಬುದೊಂದಿದೆ — ಕಿವಿಯೊಳಗೆ ಟಿಕ್ ಟಿಕ್ ಎನ್ನುವ ಗಡಿಯಾರ, ಅದು ಯಾರ ಮಾತನ್ನೂ ಕೇಳುವುದಿಲ್ಲ. ನಮ್ಮ ಗಿಟಾರು, ಬೇಸು ಎಲ್ಲ ಆ ಗಡಿಯಾರದ ಮೇಲೆ ಆಗಲೇ ಕೂತಾಗಿತ್ತು. ಉಳಿದದ್ದು ಡ್ರಮ್ಸ್.

ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ದೀಪ್ತಿಯ ಸೋದರಮಾವನ ಲೇತ್ ಶೆಡ್ಡು ನೆನಪಿದೆಯಲ್ಲ? ಮಷೀನುಗಳಿಗೆ ವಾರದ ರಜೆ ಇದ್ದ ದಿನ ಅದನ್ನು ನಮಗೆ ಬಿಟ್ಟುಕೊಟ್ಟಿದ್ದರು. ಬಾಡಿಗೆಯ ಮೈಕುಗಳು, ನೆಲದ ತುಂಬ ಕಬ್ಬಿಣದ ಪುಡಿ, ಎಣ್ಣೆಯ ವಾಸನೆ. ನೀನು ಮನೆಯಿಂದ ಕಂಬಳಿ ತಂದು ನೆಲಕ್ಕೆ ಹಾಸಿ ಅದರ ಮೇಲೆ ಡ್ರಮ್ಸ್ ಜೋಡಿಸಿದೆ. ಸಂಜೆಯೊಳಗೆ ಎಲ್ಲ ಮುಗಿಸಿ ಮೈಕುಗಳನ್ನು ವಾಪಸ್ ಕೊಡಬೇಕಿತ್ತು.

ಶುರು ಮಾಡುವ ಮೊದಲು ನಿನಗೆ ಒಂದು ಕೆಲಸ ಹೇಳಿದೆ. ಒಂದೊಂದೇ ಡ್ರಮ್ಮನ್ನು ಬಿಡಿಯಾಗಿ ಹೊಡಿ, ಮೆಲ್ಲಗೆಯಿಂದ ಜೋರಿನವರೆಗೆ, ಪ್ರತಿ ಏಟಿನ ನಂತರ ಸದ್ದು ಪೂರ್ತಿ ಸತ್ತ ಮೇಲೆ ಇನ್ನೊಂದು. ಸಿಂಬಲ್ ಎಂಬ ಆ ಹಿತ್ತಾಳೆ ತಟ್ಟೆಗಳನ್ನೂ ಹಾಗೇ. ನೀನು ಎಷ್ಟು ಶ್ರದ್ಧೆಯಿಂದ ಹೊಡೆದೆ ಎಂದರೆ ಉಸಿರಿನ ಸದ್ದು ಬರಬಾರದೆಂದು ಬಾಯಿ ಬಿಗಿದುಕೊಂಡಿದ್ದೆ. ನಡುವೆ ಒಮ್ಮೆ ನಕ್ಕು ಕೇಳಿದೆ: “ಏನ್ ಮಗಾ, ಒಂದೊಂದೇ ಗಂಟೆ ಹೊಡೆಸ್ತಾ ಇದೀಯ? ಪೂಜೆ ಯಾವಾಗ?”

“ಲೆವೆಲ್ ನೋಡಕ್ಕೆ ಕಣೋ” ಎಂದೆ.

ಅರ್ಧ ನಿಜ. ಮೈಕಿನ ಲೆವೆಲ್ ನೋಡಲು ಅಷ್ಟೊಂದು ಏಟು ಬೇಕಿರಲಿಲ್ಲ. ಬಿಡಿ ಏಟುಗಳಿದ್ದರೆ ಅವುಗಳಿಂದ ಮುಂದೆ ಬೇಕಾದ ಹಾಗೆ ತಾಳ ಕಟ್ಟಬಹುದು — ನಮ್ಮ ಕಸುಬಿನವರು ಹೀಗೆ ಮಾಡಿಟ್ಟುಕೊಳ್ಳುವುದುಂಟು, ಯಾವುದಾದರೂ ಒಂದೆರಡು ಏಟು ಕೆಟ್ಟರೆ ತೇಪೆ ಹಾಕಲು. ತೇಪೆಗೆಂದೇ ಅಂದುಕೊಂಡಿದ್ದೆನೇ? ಇಲ್ಲ, ಸುಳ್ಳು ಹೇಳಬಾರದು — ನೀನು ಓಡುತ್ತೀಯ ಎಂದು ನನಗೆ ಗೊತ್ತಿತ್ತು. ಅವತ್ತು ಬೆಳಿಗ್ಗೆ, ನೀನಿನ್ನೂ ಒಂದು ಹಾಡನ್ನೂ ನುಡಿಸುವ ಮೊದಲೇ, ನೀನಿಲ್ಲದೆ ಕೆಲಸ ನಡೆಸುವ ಏರ್ಪಾಡನ್ನು ನಿನ್ನ ಕೈಯಿಂದಲೇ ಮಾಡಿಸಿಕೊಂಡೆ.

ಆಮೇಲೆ ನೀನು ನುಡಿಸಿದೆ. ದಿನವಿಡೀ. ಶರ್ಟು ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. ಕೊನೆಯ ಹಾಡು ಮುಗಿದಾಗ ನೀನು ಕೋಲು ಕೆಳಗಿಟ್ಟು, ಲೇತ್ ಮಷೀನಿಗೆ ಒರಗಿ, ಸುಮ್ಮನೆ ನಗುತ್ತಾ ಕೂತೆ.

ಮನೆಗೆ ಬಂದು ಹಾಡುಗಳನ್ನು ತೆರೆದೆ. ಪರದೆಯ ಮೇಲೆ ಗಡಿಯಾರದ ಗೆರೆಗಳು, ಅವುಗಳಿಂದ ಆಚೀಚೆ ಸರಿದು ನಿಂತ ನಿನ್ನ ಏಟುಗಳು. ಎಳೆದು ಸರಿಮಾಡಲು ನೋಡಿದೆ, ಸದ್ದು ಹರಿದುಹೋಗುತ್ತಿತ್ತು. ನಿನ್ನನ್ನು ಕರೆದು, ಶಿವು, ಇದು ಕೂತಿಲ್ಲ, ಇನ್ನೊಂದು ದಿನ ಮಾಡೋಣ ಎನ್ನಬಹುದಿತ್ತು. ಅಥವಾ ಗಡಿಯಾರವನ್ನೇ ಕಿತ್ತೆಸೆದು, ನಾಲ್ವರೂ ಒಟ್ಟಿಗೆ ನಿಂತು ನಿನ್ನ ಓಟಕ್ಕೇ ನುಡಿಸಬಹುದಿತ್ತು. ಎರಡೂ ಹೊಳೆದವು. ಆದರೆ ನನ್ನ ತಲೆಯಲ್ಲಿದ್ದುದು ಒಂದೇ — ಡ್ರಮ್ಸ್ ಸಡಿಲವಾಗಿದ್ದರೆ ಕೇಳಿದವರು ಡ್ರಮ್ಮರನ್ನು ಬೈಯುವುದಿಲ್ಲ, ಪ್ರೊಡ್ಯೂಸರಿಗೆ ಕೆಲಸ ಬರುವುದಿಲ್ಲ ಎನ್ನುತ್ತಾರೆ. ನಾನು ನನ್ನ ಹೆಸರನ್ನು ಕಾಪಾಡಿಕೊಂಡೆ.

ನಿನ್ನ ಬಿಡಿ ಏಟುಗಳನ್ನು ಹರಡಿಕೊಂಡು ಕೂತೆ. ಮಧ್ಯಾಹ್ನಗಳೆಲ್ಲ ಅದರಲ್ಲೇ ಹೋದವು. ನೀನು ಎಲ್ಲೆಲ್ಲಿ ಏನೇನು ಹೊಡೆದಿದ್ದೆಯೋ ಅದನ್ನೇ ಮೊದಲು ಮತ್ತೆ ಕಟ್ಟಿದೆ, ಗೆರೆಯ ಮೇಲೆ. ಆಮೇಲೆ ರುಚಿ ಹತ್ತಿತು. ಇಲ್ಲೊಂದು ಸೇರಿಸಿದೆ, ಅಲ್ಲೊಂದು ತೆಗೆದೆ. ತೀರಾ ಮಷೀನಿನ ಹಾಗೆ ಕೇಳಬಾರದೆಂದು ಅಲ್ಲಲ್ಲಿ ಕೂದಲೆಳೆಯಷ್ಟು ತಪ್ಪನ್ನೂ ಇಟ್ಟೆ. ನಿನ್ನ ತಪ್ಪುಗಳನ್ನು ಕಿತ್ತು ಹಾಕಿ ನನ್ನವನ್ನು ಅದೇ ಜಾಗದಲ್ಲಿ ನೆಟ್ಟೆ, ಮತ್ತು ನನ್ನ ಕೈಚಳಕಕ್ಕೆ ನಾನೇ ಮೆಚ್ಚಿ ತಲೆದೂಗಿದೆ.

ಮೂರನೆಯ ಹಾಡು ‘ಟೋಲ್‌ಗೇಟ್’. ಕೊನೆಯ ಪಲ್ಲವಿಗೆ ಮುಂಚೆ ಡ್ರಮ್ಮುಗಳ ಮೇಲೆ ಒಂದು ಉರುಳು, ನೀನು ರೋಲ್ ಎನ್ನುವುದು, ಬರುತ್ತದಲ್ಲ — ಮೇಲಿನ ಸಣ್ಣ ಡ್ರಮ್ಮಿನಿಂದ ಕೆಳಗಿನ ದೊಡ್ಡದರವರೆಗೆ ಗುಡುಗುತ್ತಾ ಇಳಿಯುವುದು — ಅದು ಪೂರ್ತಿ ನನ್ನದು. ನೀನು ಅಲ್ಲಿ ಹೊಡೆದದ್ದು ಬೇರೆ ಏನೋ, ಸರಳವಾದದ್ದು. ನಾನು ಆ ಉರುಳನ್ನು ಬರೆದೆ, ಮತ್ತು ಅದರ ಮೇಲೆ ಸಿಂಬಲ್ಲಿನ ಏಟುಗಳು ನಿಲ್ಲದೆ ಓಡುವುದನ್ನು ಹಾಗೇ ಬಿಟ್ಟೆ, ತುಂಬಾ ಸೊಗಸಾಗಿ ಕೇಳುತ್ತಿತ್ತು. ಉರುಳಿಗೆ ಎರಡು ಕೈ ಬೇಕು. ಸಿಂಬಲ್ಲಿಗೆ ಒಂದು. ಮನುಷ್ಯನಿಗೆ ಇರುವುದು ಎಷ್ಟು ಕೈ ಎಂದು ಮೌಸ್ ಹಿಡಿದವನಿಗೆ ಹೊಳೆಯಲಿಲ್ಲ. ಡ್ರಮ್ಸ್ ನುಡಿಸುವ ಯಾವನೂ ಈ ತಪ್ಪು ಮಾಡುತ್ತಿರಲಿಲ್ಲ. ನಾನು ಮಾಡಿದೆ.

ನಿಮ್ಮನ್ನೆಲ್ಲ ಕೇಳಲು ಕರೆದ ದಿನ ನೀನು ಹಾಸಿಗೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದೆ. ಮೊದಲ ಹಾಡಿಗೇ ನಿನ್ನ ಮುಖ ಬದಲಾಯಿತು. ‘ಟೋಲ್‌ಗೇಟ್’ ಬರುವ ಹೊತ್ತಿಗೆ ನೀನು ಎರಡೂ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡಿದ್ದೆ. ಹಾಡು ಮುಗಿದ ಮೇಲೆ ನಿಧಾನವಾಗಿ ಕೇಳಿದೆ:

“ಮಗಾ, ಇದು ನಾನೇ ಹೊಡೆದಿದ್ದಾ?”

“ಇನ್ಯಾರು, ನಿಮ್ಮಪ್ಪನಾ?” ಎಂದೆ.

ಎಲ್ಲರೂ ನಕ್ಕರು, ನೀನೂ ನಕ್ಕೆ. ಅಷ್ಟು ಸುಲಭವಾಗಿ ಆಗಿಹೋಯಿತು. ಯೋಚಿಸಿ, ಬೆವತು, ಹೇಳಿದ ಸುಳ್ಳಾಗಿದ್ದರೆ ಅದಕ್ಕೊಂದು ಮರ್ಯಾದೆಯಾದರೂ ಇರುತ್ತಿತ್ತೋ ಏನೋ. ಇದು ತಮಾಷೆಯ ಮಾತು. ಅವತ್ತು ನೀನು ಹೋಗುವಾಗ ನನ್ನನ್ನು ತಬ್ಬಿಕೊಂಡೆ. ದೀಪ್ತಿ ಮಾತ್ರ ಮೆಟ್ಟಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಾ, ಶಿವು ಇಷ್ಟು ನೆಟ್ಟಗೆ ಹೊಡೆಯುವುದಿಲ್ಲವಲ್ಲ ಎಂದಳು. ಕಿವಿಯಲ್ಲಿ ಕ್ಲಿಕ್ ಇತ್ತಲ್ಲ, ಅದಕ್ಕೆ ಎಂದೆ. ಅವಳು ಇನ್ನೊಂದು ಚಪ್ಪಲಿಯನ್ನೂ ಹಾಕಿಕೊಂಡು ಇಳಿದು ಹೋದಳು.

ಆಲ್ಬಂ ಹೊರಗೆ ಬಂತು. ಅಂಥ ದೊಡ್ಡ ಹೆಸರೇನೂ ಆಗಲಿಲ್ಲ, ಆದರೆ ನಮ್ಮ ಸಣ್ಣ ಲೋಕದಲ್ಲಿ ಆಯಿತು. ಅದರಲ್ಲೂ ‘ಟೋಲ್‌ಗೇಟ್’. ಆ ಉರುಳಿನ ತುಣುಕನ್ನು ಜನ ಮೊಬೈಲಿನಲ್ಲಿ ಒಬ್ಬರಿಂದೊಬ್ಬರಿಗೆ ಕಳಿಸಿದರು. ಡ್ರಮ್ಮರ್ ಯಾರು ಗುರು ಎಂದು ಕೇಳಿದರು. ನಿಮ್ಮಪ್ಪ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಫೋನಿಟ್ಟು, ಪ್ಲೈವುಡ್ ಕೊಳ್ಳಲು ಬಂದ ಬಡಗಿಗಳಿಗೆ, ಕಂಟ್ರಾಕ್ಟರುಗಳಿಗೆ ಆ ಹಾಡು ಹಾಕುತ್ತಿದ್ದರು. ನಾನು ಒಮ್ಮೆ ಅಲ್ಲಿದ್ದೆ. “ನಮ್ಮ ಹುಡುಗ ಬಾರ್ಸಿದ್ದು ರೀ ಇದು. ಒಂಚೂರು ತಡ್ರಿ, ಮುಂದೆ ಬರ್ತತಿ ನೋಡ್ರಿ” ಎಂದು ಆ ಜಾಗ ಬರುವವರೆಗೆ ಬೆರಳೆತ್ತಿ ಕೂತಿದ್ದರು. ಬಂದಾಗ ಕಣ್ಣು ಮುಚ್ಚಿದರು. ಅಂಗಡಿಯ ಮಾತು ಇನ್ನೊಂದಿಷ್ಟು ಕಾಲ ಇರಲಿ ಬಿಡಪ್ಪ ಎಂದು ನಿನಗೆ ಹೇಳಿದ್ದು ಅದೇ ವಾರ.

ನಾನು ಆಗ ಏನು ಮಾಡಿದೆ ಗೊತ್ತೇ? ಅವರು ತರಿಸಿಕೊಟ್ಟ ಬಾದಾಮಿ ಹಾಲು ಕುಡಿದು ಬಂದೆ.

ಜನಕ್ಕೆ ಅದು ಬೇಕು, ಹಾಗಾಗಿ ವೇದಿಕೆಯ ಮೇಲೆ ಅದನ್ನು ನುಡಿಸಬೇಕು. ನೀನು ಕಲಿಯಲು ಕೂತೆ — ನಿನ್ನದೇ ನುಡಿಸಾಣಿಕೆಯನ್ನು. ಬರಲಿಲ್ಲ. ಒಂದು ಮಧ್ಯಾಹ್ನ ಫೋನಿನಲ್ಲಿ ಹಾಡನ್ನು ನಿಧಾನಕ್ಕೆ ಓಡಿಸಿಕೊಂಡು ನನ್ನ ಕೋಣೆಗೆ ಬಂದೆ. ಕೋಲುಗಳನ್ನು ದಿಂಬಿನ ಮೇಲೆ ಬಡಿದು ತೋರಿಸಿದೆ. ನನಗೆ ಈಗಲೂ ಆ ದಿಂಬಿನ ಧೂಳು ಬಿಸಿಲಲ್ಲಿ ಏಳುತ್ತಿದ್ದುದು ಕಾಣುತ್ತದೆ.

“ನೋಡು ಮಗಾ. ಎರಡೂ ಕೈ ಇಲ್ಲಿದ್ರೆ, ಈ ಸಿಂಬಲ್ ಹೊಡೆದಿದ್ಯಾರು?”

ನಾನು ಸಿಕ್ಕಿಬಿದ್ದೆ ಎಂದುಕೊಂಡೆ. ನಿಜ ಹೇಳುತ್ತೇನೆ, ಆ ಕ್ಷಣಕ್ಕೆ ಒಂಥರಾ ಸಮಾಧಾನವೂ ಆಯಿತು. ಇನ್ನೊಂದು ಪ್ರಶ್ನೆ ಕೇಳಿದ್ದರೆ ಹೇಳಿಬಿಡುತ್ತಿದ್ದೆ, ಖಂಡಿತ — ಅಥವಾ ಹಾಗೆಂದು ಈಗ ಅಂದುಕೊಳ್ಳುತ್ತೇನೆ. ನೀನು ಕೇಳಲಿಲ್ಲ. ನನ್ನ ಮೇಲೆ ಅನುಮಾನ ಪಡುವುದು ನಿನಗೆ ಹೊಳೆಯಲೇ ಇಲ್ಲ. ನಿನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, ಉತ್ತರವನ್ನು ನೀನೇ ಹುಡುಕಿಕೊಂಡೆ.

“ಎಡಗೈ ಒಂದ್ರಲ್ಲೇ ರೋಲ್ ಹೊಡೆದಿದೀನಿ ಅನ್ಸತ್ತೆ ಕಣೋ. ಬಲಗೈ ಸಿಂಬಲ್ ಮೇಲೇ ಇದೆ. ಆವತ್ತು ಯಾವ್ದೋ ಜೋಶಲ್ಲಿ ಬಂದ್ಬಿಟ್ಟಿದೆ, ಈಗ ಬರ್ತಾ ಇಲ್ಲ.”

“ಇರ್ಬೇಕು” ಎಂದೆ. “ಪ್ರಾಕ್ಟೀಸ್ ಮಾಡು, ಬರತ್ತೆ.”

ನನ್ನ ತಪ್ಪು ಯಾವುದೆಂದು ಯಾರಾದರೂ ಕೇಳಿದರೆ ನಾನು ಆ ಶೆಡ್ಡನ್ನು ತೋರಿಸುವುದಿಲ್ಲ, ಆ ಮೌಸನ್ನೂ ತೋರಿಸುವುದಿಲ್ಲ. ಈ ಮಾತನ್ನು ತೋರಿಸುತ್ತೇನೆ. ಮೊದಲಿನದು ಕಸುಬಿನ ಕಳ್ಳತನ; ಎಷ್ಟೋ ಜನ ಮಾಡುತ್ತಾರೆ, ಹೇಳಿಯೂ ಮಾಡುತ್ತಾರೆ. ಇದು ಹಾಗಲ್ಲ. ಆಗುವುದಿಲ್ಲ ಎಂದು ಗೊತ್ತಿದ್ದ ಕೆಲಸಕ್ಕೆ ನಿನ್ನನ್ನು ನಾನು ಹಚ್ಚಿದೆ.

ನೀನು ಹಟಕ್ಕೆ ಬಿದ್ದೆ. ಅಂಗಡಿಯ ಹಿಂದಿನ ಗೋಡೌನಿನಲ್ಲಿ ಪ್ಲೈವುಡ್ ಹಾಳೆಗಳ ಮೇಲೆ ರಬ್ಬರ್ ತುಂಡು ಹಾಕಿಕೊಂಡು ಎಡಗೈ ಒಂದನ್ನೇ ಬಡಿಯುತ್ತಿದ್ದೆ. ಮಣಿಕಟ್ಟು ಊದಿಕೊಂಡಿತು. ಅದಕ್ಕೆ ಬಟ್ಟೆ ಸುತ್ತಿಕೊಂಡು ಬಡಿದೆ. ಸ್ವಲ್ಪ ರೆಸ್ಟ್ ಕೊಡೋ ಎಂದು ಪೀಟರ್ ಬೈದ. ನಾನೂ ಬೈದೆ — ಎಂಥ ಕಾಳಜಿ, ನೋಡು. ಸಿಂಬಲ್ ಬಿಟ್ಟು ಬರೀ ಉರುಳು ಹೊಡಿ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ನೀನು ಒಪ್ಪಲಿಲ್ಲ. ಒಮ್ಮೆ ಹೊಡೆದಿದ್ದೇನೆ, ಮತ್ತೆ ಯಾಕೆ ಆಗಬಾರದು ಎಂಬುದೊಂದೇ ನಿನ್ನ ವಾದ. ಅದಕ್ಕೆ ನನ್ನಲ್ಲಿ ಉತ್ತರವಿತ್ತು, ಬಾಯಿ ಬಿಡಲಿಲ್ಲ.

ಜ್ಞಾನಭಾರತಿ ಕಡೆಯ ಆ ಕಾಲೇಜು ಹಬ್ಬದ ಸಂಜೆಯನ್ನು ನೀನು ಮರೆತಿರುವುದಿಲ್ಲ. ‘ಟೋಲ್‌ಗೇಟ್’ ಶುರುವಾದಾಗಲೇ ಹುಡುಗರು ಮೊಬೈಲು ಎತ್ತಿ ಹಿಡಿದರು. ಆ ಜಾಗಕ್ಕೆ ಕಾಯುತ್ತಿದ್ದರು. ಜಾಗ ಬಂತು. ನಿನ್ನ ಎಡಗೈ ಒಂದೆರಡು ಏಟಿನಲ್ಲೇ ಬಿಗಿದುಕೊಂಡಿತು, ಕೋಲು ಕೈಜಾರಿ ವೇದಿಕೆಯ ಮೇಲೆ ಉರುಳಿತು. ಹಾಡು ನಿಲ್ಲಲಿಲ್ಲ, ಹೇಗೋ ಮುಗಿಸಿದೆವು. ಜನ ಕೆಟ್ಟವರೇನಲ್ಲ, ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಡುವೆ ನೀನು ನನ್ನ ಕಡೆ ನೋಡಿದೆ — ನಾನು ಕಾಲಬುಡದ ಗಿಟಾರ್ ಪೆಡಲನ್ನು ಸರಿಮಾಡುವವನ ಹಾಗೆ ಬಗ್ಗಿದೆ.

ಡಾಕ್ಟರು ನರಕ್ಕೆ ಏನೂ ಆಗಿಲ್ಲ, ಊತ ಅಷ್ಟೇ, ವಿಶ್ರಾಂತಿ ಕೊಡಿ ಎಂದರಂತೆ. ನೀನು ಕೊಟ್ಟೆ. ನೋವು ಹೋಯಿತು. ಕೂತು ಹೊಡೆದೆ, ಉರುಳು ಬರಲಿಲ್ಲ. ಬರುವುದಾದರೂ ಹೇಗೆ? ಆದರೆ ನೀನು ಅದನ್ನು ಬೇರೆ ಥರ ಓದಿದೆ — ನೋವಿಲ್ಲ, ಆದರೂ ಆಗುತ್ತಿಲ್ಲ, ಅಂದರೆ ಡಾಕ್ಟರಿಗೆ ಸಿಗದ ಏನೋ ಒಳಗೆ ಹೋಗಿದೆ. ಕೈ ಹೋಯ್ತು ಮಗಾ ಎಂದೆ. ಡ್ರಮ್ಸನ್ನು ಕೆಂಗೇರಿಯ ಯಾರಿಗೋ ಕೊಟ್ಟೆ. ಗಾಡಿಗೆ ಏರಿಸಲು ನಾನೇ ಕೈ ಹಾಕಿದೆ, ಡ್ರಮ್ಮುಗಳು ಅಲುಗಾಡದ ಹಾಗೆ ಹಗ್ಗ ಬಿಗಿದವನು ನಾನು. ನೀನು ಮಾರನೆಯ ದಿನದಿಂದ ಅಂಗಡಿಗೆ ಹೋದೆ. ನಿಮ್ಮಪ್ಪ ಖುಷಿಪಡಲಿಲ್ಲವಂತೆ. ಫೋನಿನಲ್ಲಿ ಆ ಹಾಡು ಹಾಕುವುದನ್ನು ನಿಲ್ಲಿಸಿಬಿಟ್ಟರು ಎಂದು ದೀಪ್ತಿ ಹೇಳಿದಳು.

ಬ್ಯಾಂಡು ಅಲ್ಲಿಗೆ ಮುಗಿಯಿತು. ನಾನು ಮುಗಿಯಲಿಲ್ಲ. ಆ ಡ್ರಮ್ಸ್ ಸೌಂಡು ಬೇಕು ಎಂದು ಒಬ್ಬೊಬ್ಬರೇ ಬರತೊಡಗಿದರು. ಕೆಂಗೇರಿ ಉಪನಗರದಲ್ಲಿ ಸರಿಯಾದ ಸ್ಟುಡಿಯೋ ಮಾಡಿದೆ, ಹಾಸಿಗೆಗಳ ಬದಲು ನಿಜವಾದ ಗೋಡೆಗಳು ಬಂದವು. ಬೇರೆ ಬ್ಯಾಂಡುಗಳ ಆಲ್ಬಂಗಳು, ಜಾಹೀರಾತುಗಳು, ಕಿರುಚಿತ್ರಗಳು. ಅವುಗಳಲ್ಲೆಲ್ಲ ನಾನು ಏನು ಬಳಸಿದೆ? ನಿನ್ನ ಬಿಡಿ ಏಟುಗಳನ್ನೇ. ಇವತ್ತಿಗೂ. ಯಾವುದೋ ಉಪ್ಪಿನಕಾಯಿ ಜಾಹೀರಾತಿನಲ್ಲಿ, ಯಾವುದೋ ಭಕ್ತಿಗೀತೆಯಲ್ಲಿ ನಿನ್ನ ಕೈ ಬೀಳುತ್ತಿದೆ. ಅಂಗಡಿಯ ರೇಡಿಯೋದಲ್ಲಿ ನೀನೇ ಕೇಳಿರುತ್ತೀಯ, ಕೇಳಿ ಗಿರಾಕಿಗೆ ಪ್ಲೈವುಡ್ ಅಳೆದು ಕೊಟ್ಟಿರುತ್ತೀಯ. ಸಂದರ್ಶನಗಳಲ್ಲಿ ನನ್ನನ್ನು ಆ ಸೌಂಡಿನ ಗುಟ್ಟು ಏನು ಎಂದು ಕೇಳುತ್ತಾರೆ. ಶೆಡ್ಡಿನ ತಗಡಿನ ಸೂರು ಎನ್ನುತ್ತೇನೆ. ಜನ ಮೆಚ್ಚಿಕೊಳ್ಳುತ್ತಾರೆ.

ಹೀಗೇ ಸಾಯುವವರೆಗೂ ನಡೆಸಿಕೊಂಡು ಹೋಗುತ್ತಿದ್ದೆನೋ ಏನೋ. ನಾನು ನನ್ನನ್ನು ಬಲ್ಲೆ. ಆದರೆ ಮೊನ್ನೆ ನಂದಿನಿ ಲೇಔಟಿನಲ್ಲಿ ದೀಪ್ತಿಯ ಮನೆಯ ಗೃಹಪ್ರವೇಶಕ್ಕೆ ನೀನು ಬಂದಿದ್ದೆ, ಹೆಂಡತಿ ಮಗಳೊಂದಿಗೆ. ನನ್ನನ್ನು ನೋಡಿದ ಕೂಡಲೇ ಕೈ ಬೀಸಿ ಕರೆದು, ಹೆಂಡತಿ ವೀಣಾಗೆ ಪರಿಚಯ ಮಾಡಿಸಿದೆ. ಇವನಿಲ್ಲದಿದ್ದರೆ ಆ ಆಲ್ಬಮ್ಮೇ ಇಲ್ಲ, ನನ್ನೊಳಗೆ ಇದ್ದದ್ದನ್ನು ಹೊರಗೆ ತೆಗೆದವನು ಇವನೇ ಎಂದೆ. ನಾನು ಹಲ್ಲು ಕಿರಿದು ನಿಂತೆ. ಆಮೇಲೆ ನೀನು ಸ್ವಲ್ಪ ದನಿ ತಗ್ಗಿಸಿ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: “ಒಂದ್ಸಲ ಆದ್ರೂ ಹಂಗೆ ಹೊಡೆದಿದೀನಲ್ಲ ಮಗಾ. ಅಷ್ಟು ಸಾಕು ಬಿಡು.”

ನೀನು ಊಟದ ಸಾಲಿಗೆ ಜಾಗ ಹಿಡಿಯಲು ಹೋದಾಗ ಮಗಳು ನಿನ್ನ ಹಿಂದೆ ಓಡಿ ಎತ್ತಿಕೋ ಎಂದು ಹಟ ಮಾಡಿದಳು. ನಿನ್ನ ಬಲಗೈಯಲ್ಲಿ ಯಾರದೋ ಹಿರಿಯರ ಚೀಲವಿತ್ತು. ಎಡಗೈ ಖಾಲಿ ಇತ್ತು. ನೀನು ಚೀಲವನ್ನು ಕೆಳಗಿಟ್ಟು, ಬಲಗೈಯಲ್ಲಿ ಮಗುವನ್ನು ಎತ್ತಿಕೊಂಡು, ಚೀಲ ಹಿಡಿದುಕೊಳ್ಳಲು ಬೇರೆ ಯಾರನ್ನೋ ಕೂಗಿದೆ. ನಾನು ನೋಡುತ್ತಿದ್ದುದನ್ನು ವೀಣಾ ನೋಡಿದರು.

“ಎಡಗೈಲಿ ಅವಳನ್ನ ಎತ್ಕೊಳಲ್ಲ ಅಣ್ಣ” ಎಂದರು. “ಹುಟ್ಟಿದಾಗಿಂದಾನೂ ಅಷ್ಟೇ. ಆ ಕೈ ಯಾವಾಗ ಬೇಕಾದ್ರೂ ಕೈಕೊಡತ್ತೆ, ಬೀಳಿಸ್ಬಿಡ್ತೀನಿ ಅಂತಾರೆ. ಹಾಸ್ಪಿಟ್ಲಲ್ಲಿ ಏನೂ ಇಲ್ಲ ಅಂದಿದಾರಂತೆ. ನಿಮಗೆ ಗೊತ್ತಿರ್ಬೇಕಲ್ಲ, ಏನಾಗಿತ್ತು ಆ ಕೈಗೆ?”

ನಾನು ಊಟ ಮಾಡಲಿಲ್ಲ. ವೀಣಾಗೆ ಏನೋ ತೊದಲಿ, ಗಾಡಿ ತೆಗೆದುಕೊಂಡು ಹೊರಟುಬಿಟ್ಟೆ. ದಾರಿಯಲ್ಲಿ ಅಳು ಬಂತು ಎಂದು ಬರೆದರೆ ನಿನಗೆ ಸಿಟ್ಟು ಬರಬೇಕು, ಬರಲಿ. ಒಂದು ಸಂಗೀತವನ್ನು ಕಿತ್ತುಕೊಂಡೆ ಎಂದಷ್ಟೇ ನಾನು ತಿಳಿದಿದ್ದೆ. ಅದಕ್ಕೆ ಹೇಗೋ ಲೆಕ್ಕ ಹೊಂದಿಸಿಕೊಂಡಿದ್ದೆ — ಎಷ್ಟು ಜನ ಬ್ಯಾಂಡು ಬಿಟ್ಟು ಅಂಗಡಿ ಸೇರುವುದಿಲ್ಲ, ಇವನೂ ಸೇರಿದ, ಚೆನ್ನಾಗಿದ್ದಾನೆ ಎಂದು. ಮಗುವಿನ ವಿಷಯ ನನಗೆ ಗೊತ್ತಿರಲಿಲ್ಲ.

ಆಮೇಲೂ ತಡ ಮಾಡಿದೆ. ಹೇಳಿದರೆ ನಿನ್ನ ಕೈ ನಿನಗೆ ಸಿಗುತ್ತದೆ, ಆದರೆ ಒಂದ್ಸಲ ಆದ್ರೂ ಹೊಡೆದಿದೀನಲ್ಲ ಎಂಬುದು ಹೋಗುತ್ತದೆ. ಅದನ್ನು ಕಿತ್ತುಕೊಳ್ಳಲು ನಾನ್ಯಾರು — ಹೀಗೆ ನನಗೆ ನಾನೇ ದೊಡ್ಡ ಮನುಷ್ಯನ ಹಾಗೆ ಬುದ್ಧಿ ಹೇಳಿಕೊಂಡೆ. ಅದೂ ಹೇಡಿತನವೇ. ಸ್ಟುಡಿಯೋದ ಹೆಸರು ಕೆಡುವ ಭಯಕ್ಕೆ ನಿನ್ನ ಮೇಲಿನ ದಯೆಯ ಅಂಗಿ ತೊಡಿಸಿದ್ದೆ.

ಇನ್ನೊಂದು ಇದೆ. ಇದನ್ನು ಮೇಲೆಯೇ ಹೇಳಬೇಕಿತ್ತು, ಬೇಕೆಂತಲೇ ಹಿಂದಕ್ಕೆ ಸರಿಸುತ್ತಾ ಬಂದೆ.

ಕಾಲೇಜಿನ ಆ ಸಂಜೆಯ ನಂತರ, ಕೈಗೆ ಬಟ್ಟೆ ಸುತ್ತಿಕೊಂಡೇ ನೀನು ನನ್ನ ಕೋಣೆಗೆ ಬಂದು, ಶೆಡ್ಡಿನಲ್ಲಿ ರೆಕಾರ್ಡ್ ಮಾಡಿದ ಮೂಲ ಟ್ರ್ಯಾಕುಗಳನ್ನು ಕೊಡು ಎಂದು ಕೇಳಿದೆ. ಬರೀ ಎಡಗೈಯ ಕಡೆಯ ಮೈಕನ್ನು ಹಾಕಿ ಕೇಳಿದರೆ ಕೈ ಹೇಗೆ ಇಟ್ಟಿದ್ದೆ ಎಂದು ಗೊತ್ತಾಗುತ್ತದೆ ಎಂದೆ. ಎಷ್ಟು ಸರಿಯಾದ ಯೋಚನೆ. ಹಾರ್ಡ್‌ಡಿಸ್ಕ್ ಹೋಯಿತು ಎಂದು ನಾನು ಹೇಳಿದೆ. ಹೋಗಿರಲಿಲ್ಲ. ನೀನು ಮೆಟ್ಟಿಲು ಇಳಿದು ಹೋಗುವವರೆಗೆ ಕಾದು, ಕದ ಹಾಕಿ, ನೀನು ನುಡಿಸಿದ ಎಲ್ಲ ಹಾಡುಗಳನ್ನೂ ಒಂದೂ ಬಿಡದೆ ಅಳಿಸಿದೆ. ಬಿಡಿ ಏಟುಗಳನ್ನು ಮಾತ್ರ ಇಟ್ಟುಕೊಂಡೆ, ಅವು ನನಗೆ ಕೆಲಸಕ್ಕೆ ಬರುತ್ತಿದ್ದವು.

ಅಂದರೆ ನಿನಗೆ ತೋರಿಸಲು ನನ್ನ ಬಳಿ ಏನೂ ಇಲ್ಲ. ಇದು ಸುಳ್ಳು, ಇಗೋ ನಿನ್ನ ನಿಜ ಎಂದು ಕೈಗೆ ಕೊಡಲು ಏನೂ ಉಳಿಸಿಲ್ಲ.

ಬರುವ ಭಾನುವಾರ ಬ್ಯಾಡರಹಳ್ಳಿಗೆ ಬರುತ್ತೇನೆ. ಇದನ್ನು ನಿನ್ನ ಕೈಗಿಟ್ಟು ತಪ್ಪಿಸಿಕೊಳ್ಳುವುದಿಲ್ಲ. ಬಾಯಲ್ಲಿ ಹೇಳುತ್ತೇನೆ, ವೀಣಾ ಎದುರಿಗೆ, ನಿಮ್ಮಪ್ಪನ ಎದುರಿಗೆ. ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತು. ಆಲ್ಬಂನ ಮೇಲೆ ಡ್ರಮ್ಸ್ ಯಾರದೆಂದು ತಿದ್ದಿ ಬರೆದಿದ್ದೇನೆ. ದೀಪ್ತಿಗೂ ಪೀಟರಿಗೂ ಹೇಳಿಯಾಗಿದೆ. ದೀಪ್ತಿ ಫೋನಿಟ್ಟಳು.

ನೀನು ಬೈಯುತ್ತೀಯೋ, ಹೊಡೆಯುತ್ತೀಯೋ, ಸುಮ್ಮನೆ ಗಿರಾಕಿಯ ಕಡೆ ತಿರುಗುತ್ತೀಯೋ ನನಗೆ ಗೊತ್ತಿಲ್ಲ. ಆದರೆ ಎಲ್ಲ ಮುಗಿದ ಮೇಲೆ ನೀನು ಒಂದು ಪ್ರಶ್ನೆ ಕೇಳುತ್ತೀಯ, ಅದು ಗೊತ್ತು. ಡ್ರಮ್ಸ್ ನುಡಿಸಿದ ಯಾರೇ ಆದರೂ ಕೇಳುತ್ತಾರೆ. ಆವತ್ತು ಶೆಡ್ಡಲ್ಲಿ ನಾನು ನಿಜವಾಗ್ಲೂ ಹೊಡೆದಿದ್ದು — ಅದು ಹೆಂಗಿತ್ತು?

ಆ ಪ್ರಶ್ನೆಗೆ ಎಷ್ಟೋ ದಿನದಿಂದ ಉತ್ತರ ಹುಡುಕುತ್ತಿದ್ದೇನೆ ಶಿವು. ನೆನಪಿಗೆ ಬರುವುದು ಪರದೆ, ಗೆರೆಗಳು, ಗೆರೆಯಿಂದ ಸರಿದು ನಿಂತ ಗುರುತುಗಳು. ನೀನು ದಿನವಿಡೀ ನುಡಿಸಿದೆ, ನಾನು ಹತ್ತಡಿ ದೂರದಲ್ಲಿ ಹೆಡ್‌ಫೋನ್ ಹಾಕಿಕೊಂಡು ಪರದೆಯ ಮುಂದೆ ಕೂತಿದ್ದೆ. ಚೆನ್ನಾಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ನೋಡುತ್ತಿದ್ದೆ. ಕೇಳಿಸಿಕೊಳ್ಳಲಿಲ್ಲ.